ನಲವತ್ತೈದು ದಾಟಿದ ಮೇಲೆ ಲೈಪ್‌ಜಿಗ್‌ನ ಗಾತ್ ಜಾತ್ರೆಗೆ ಹೋಗುವುದು ಹೇಗೆ

ವಯಸ್ಸಾಯ್ತು, ಇನ್ನೆಲ್ಲಿ ಹೋಗೋದು ಅಂತ ಕೂತಿದ್ದರೆ ಮೊದಲು ಎದ್ದೇಳಿ. ಕಾಲೇಜಿನಲ್ಲಿ ಕ್ಯಾಸೆಟ್ ಸವೆಯುವವರೆಗೂ ಗಾತ್ ಸಂಗೀತ, ಅಂದರೆ ಸಾವು, ದುಃಖ, ಕತ್ತಲನ್ನೇ ಹಾಡುವ ರಾಕ್ ಸಂಗೀತ ಕೇಳಿ, ಆಮೇಲೆ ಕೆಲಸ, ಮನೆ, ಮಕ್ಕಳು ಅಂತ ಕಪ್ಪು ಬಟ್ಟೆಯನ್ನೆಲ್ಲ ಅಟ್ಟಕ್ಕೆ ಹಾಕಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಜರ್ಮನಿಯ ಲೈಪ್‌ಜಿಗ್‌ನ ವೇವ್ ಗೋಟಿಕ್ ಟ್ರೆಫೆನ್ ಅನ್ನೋ ಗಾತ್ ಸಂಗೀತ ಜಾತ್ರೆ ಈಗ ನಮ್ಮ ವಯಸ್ಸಿನವರ ಹಬ್ಬವೂ ಹೌದು. ಅದು ಶುರುವಾಗಿದ್ದು 1992ರಲ್ಲಿ. ಆಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತು ದಾಟಿದೆ. ಅವರಲ್ಲಿ ಎಷ್ಟೋ ಜನ ಬರೋದು ಬಿಟ್ಟಿಲ್ಲ. 2000ದಲ್ಲಿ ಹಬ್ಬದ ನಡುವೆಯೇ ಆಯೋಜಕರ ದುಡ್ಡು ಮುಗಿದು ಎಲ್ಲ ಕುಸಿದಾಗಲೂ ಕೆಲವು ಬ್ಯಾಂಡ್‌ಗಳು ಸಂಭಾವನೆ ಇಲ್ಲದೆ ನುಡಿಸಿದವು, ಜನ ಗಲಾಟೆ ಮಾಡಲಿಲ್ಲ. ಮರುವರ್ಷ ಬೇರೆಯವರು ಮುಂದುವರಿಸಿದರು. ಈಗ ವರ್ಷಕ್ಕೆ ಸುಮಾರು 20,000 ಜನ ಸೇರುತ್ತಾರೆ.

ದಿನ ಗೊತ್ತು ಮಾಡಿಕೊಳ್ಳೋದು ಸುಲಭ. ಈಸ್ಟರ್ ಭಾನುವಾರದಿಂದ ಏಳು ವಾರ ಎಣಿಸಿ. ಆ ಭಾನುವಾರದ ಹಿಂದಿನ ಶುಕ್ರವಾರದಿಂದ ಸೋಮವಾರದವರೆಗೆ ಹಬ್ಬ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೆವರೆಗೂ ಕಾಯಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ನಮ್ಮ ವಯಸ್ಸಿಗೆ ಅದು ಕಾಗದದ ಶಾಸ್ತ್ರ ಅಲ್ಲ, ಬಿಪಿ ಶುಗರ್ ಇದ್ದರೆ ಪಾಲಿಸಿಯನ್ನು ಕೂತು ಓದಿ.

ಉಳಿಯೋದು ಎಲ್ಲಿ ಅನ್ನೋದೇ ದೊಡ್ಡ ವಿಷಯ. ಊರಿನ ದಕ್ಷಿಣಕ್ಕೆ ಆಗ್ರಾ ಅನ್ನೋ ಮೈದಾನ ಇದೆ. ದೊಡ್ಡ ಸಭಾಂಗಣ, ಬಟ್ಟೆ ಆಭರಣದ ಅಂಗಡಿ ಸಾಲು, ಟೆಂಟ್ ಹಾಕುವ ಜಾಗ ಎಲ್ಲ ಅಲ್ಲೇ. ಮೊದಲ ಸಲ ನಾನು ಟೆಂಟಿನಲ್ಲಿದ್ದೆ. ಎರಡನೇ ರಾತ್ರಿ ಮಳೆ ಬಂತು, ಅಡಿಗೆ ಹಾಸಿದ್ದ ತೆಳು ಚಾಪೆ ನೆನೆದು ಹೋಯ್ತು. ಬೆಳಗ್ಗೆ ಬೂಟಿನ ಲೇಸ್ ಕಟ್ಟಲು ಬಗ್ಗಿದರೆ ಸೊಂಟ ಮೇಲೇಳಲಿಲ್ಲ. ಪಕ್ಕದ ಟೆಂಟಿನ ಹೆಂಗಸು ಮಾತಿಲ್ಲದೆ ಮಂಡಿಯೂರಿ ಎರಡೂ ಬೂಟು ಕಟ್ಟಿಕೊಟ್ಟು, ಚೀಲದಿಂದ ನೋವಿನ ಮುಲಾಮು ತೆಗೆದು ಕೈಗಿಟ್ಟರು. ಅವರ ಚೀಲದಲ್ಲಿ ಮೇಕಪ್ ಡಬ್ಬಿಗಿಂತ ಮಾತ್ರೆ ಡಬ್ಬಿ ದೊಡ್ಡದಿತ್ತು. ಎರಡನೇ ಸಲ ರೂಮೇ ಮಾಡಿದೆ. ಆಗ್ರಾ ಕಡೆಗೆ 11ನೇ ನಂಬರಿನ ಟ್ರಾಮ್ ಹೋಗುತ್ತದೆ, ಆ ಸಾಲಿನಲ್ಲಿ ಎಲ್ಲಾದರೂ ಸಿಕ್ಕರೆ ಸಾಕು. ಟಿಕೆಟ್ ಕೊಟ್ಟು ಕೈಗೆ ರಿಸ್ಟ್‌ಬ್ಯಾಂಡ್ ಕಟ್ಟಿಸಿಕೊಂಡರೆ ಹಬ್ಬ ಮುಗಿಯುವವರೆಗೆ ಊರೊಳಗಿನ ಟ್ರಾಮ್, ಬಸ್ಸಿಗೆ ಬೇರೆ ದುಡ್ಡಿಲ್ಲ. ಆದರೆ ರೂಮು ತುಂಬ ಮುಂಚೆ ಹಿಡಿಯಬೇಕು, ಎಲ್ಲರ ಸೊಂಟವೂ ನಮ್ಮ ಸೊಂಟದ ಹಾಗೇ ಆಗಿದೆ ಅಲ್ವಾ.

ಇದು ಒಂದೇ ಮೈದಾನದ ಹಬ್ಬ ಅಲ್ಲ, ಊರಿಗೆ ಊರೇ ಜಾತ್ರೆ. ಕ್ಲಬ್ಬು, ನಾಟಕಶಾಲೆ, ಚರ್ಚು, ಹಳೇ ಕೋಟೆಯ ನೆಲಮಾಳಿಗೆ, ಎಲ್ಲ ಕಡೆ ಕಾರ್ಯಕ್ರಮ. ಬ್ಯಾಂಡ್‌ಗಳ ಪಟ್ಟಿ ನೋಡಿದರೆ ಎಲ್ಲವೂ ಬೇಕು ಅನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಅದರಲ್ಲಿ ಒಂದು ಕೂತು ಕೇಳುವಂಥದ್ದಿರಲಿ. ಇಪ್ಪತ್ತರಲ್ಲಿ ಸ್ಪೀಕರ್ ಮುಂದೆ ನಿಂತು ಎದೆ ನಡುಗಿಸಿಕೊಂಡ ಹಾಡನ್ನೇ ಈಗ ಕುರ್ಚಿಯಲ್ಲಿ ಕೂತು ಕೇಳಿದರೆ ಅದರ ಒಳಗಿನ ದುಃಖ ಬೇರೆಯಾಗೇ ಕೇಳುತ್ತದೆ, ಆಗ ನಮಗೆ ಸಾವು ಅನ್ನೋದು ಬರೀ ಪದ ಆಗಿತ್ತು, ಈಗ ಅಪ್ಪನನ್ನೋ ಗೆಳೆಯನನ್ನೋ ಕಳಿಸಿಕೊಟ್ಟು ಬಂದಿರುತ್ತೇವೆ. ಕಿವಿಗೆ ಇಯರ್‌ಪ್ಲಗ್ ಮರೀಬೇಡಿ.

ಹಗಲನ್ನು ನಿದ್ದೆಗೆ ಕೊಡಬೇಡಿ. ಶುಕ್ರವಾರ ಮಧ್ಯಾಹ್ನ ಕ್ಲಾರಾ ಜೆಟ್ಕಿನ್ ಪಾರ್ಕಿನಲ್ಲಿ ವಿಕ್ಟೋರಿಯನ್ ಪಿಕ್ನಿಕ್. ಹುಲ್ಲಿನ ಮೇಲೆ ಕಸೂತಿ ಬಟ್ಟೆ, ಪಿಂಗಾಣಿ ಕಪ್, ಕಪ್ಪು ಕೊಡೆ, ಬಿಸಿಲು. ತಳ್ಳುಗಾಡಿಯಲ್ಲಿ ಕಪ್ಪು ಟೋಪಿಯ ಕೂಸುಗಳು. ಊರಿನವರೂ ನೋಡಲು ಬರುತ್ತಾರೆ. ಕೇಳದೆ ಫೋಟೋ ತೆಗೆಯಬೇಡಿ, ಕೇಳಿದರೆ ಬಹಳ ಜನ ಖುಷಿಯಿಂದ ನಿಲ್ಲುತ್ತಾರೆ. ರಿಸ್ಟ್‌ಬ್ಯಾಂಡ್ ತೋರಿಸಿದರೆ ಕೆಲವು ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ದಕ್ಷಿಣದ ದೊಡ್ಡ ಸ್ಮಶಾನ, ಜ್ಯೂಡ್‌ಫ್ರೀಡ್‌ಹೋಫ್. ಪಕ್ಕದಲ್ಲೇ 91 ಮೀಟರ್ ಎತ್ತರದ ಯುದ್ಧ ಸ್ಮಾರಕ. ಮರಗಳ ಕೆಳಗೆ ಬೆಂಚುಗಳಿವೆ, ಸುಮ್ನೆ ಒಂದು ಗಂಟೆ ಕೂತುಬಿಡಿ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಪ್ಪು ಹತ್ತಿ ಕುರ್ತಾ ಸಾಕು. ಕಪ್ಪು ಕಾಂಚೀಪುರಂ ಸೀರೆ ಇದ್ದರೆ ಇನ್ನೂ ಚೆನ್ನ. ಬೂಟು ಮಾತ್ರ ಮನೆಯಲ್ಲೇ ಎರಡು ತಿಂಗಳು ಹಾಕಿ ಪಳಗಿಸಿ.

ಇನ್ನೊಂದು ವಿಷಯ ನಾನು ಕಳಕಳಿಯಿಂದ ಹೇಳುತ್ತೇನೆ. ಬರೀ ಹಳೇ ಬ್ಯಾಂಡ್‌ಗಳ ಹಿಂದೆ ಹೋಗಬೇಡಿ. ದಿನಕ್ಕೊಂದು ಸಲವಾದರೂ ಹೆಸರೇ ಕೇಳದ ಹುಡುಗರ ಬ್ಯಾಂಡ್‌ಗೆ ಹೋಗಿ ನಿಲ್ಲಿ. ನಮ್ಮ ಕಾಲದ್ದೇ ಚೆನ್ನಾಗಿತ್ತು ಅಂತ ಗೊಣಗುವ ಹಿರಿಯರ ನಡುವೆ ಹಬ್ಬ ಬೆಳೆಯೋದಿಲ್ಲ, ನಮ್ಮ ಜೊತೆಗೇ ಮುಗಿದುಹೋಗುತ್ತದೆ. ಅವರಿಗೂ ನಾವು ಬೇಕು. 11ನೇ ಟ್ರಾಮಿನಲ್ಲಿ ಒಂದು ರಾತ್ರಿ ಬೆಳ್ಳಿ ಹಿಡಿಯ ಊರುಗೋಲು ಹಿಡಿದ ಅರವತ್ತರ ಹೆಂಗಸು ಹತ್ತಿದರು. ನೆಟ್ಟಗೆ ನಿಲ್ಲಿಸಿದ ಕೂದಲಿನ ಹುಡುಗನೊಬ್ಬ ಎದ್ದು ಜಾಗ ಕೊಟ್ಟ, ಎದ್ದಾಗ ಅವನ ಕೂದಲು ಟ್ರಾಮಿನ ಮಾಡಿಗೆ ತಾಗಿ ಬಾಗಿತು. ಆಕೆ ಕೂತು ಅವನ ಟೀ ಶರ್ಟಿನ ಮೇಲಿದ್ದ ಬ್ಯಾಂಡಿನ ಹೆಸರು ಓದಿ ಏನೋ ಕೇಳಿದರು. ಇಳಿಯುವ ನಿಲ್ದಾಣ ಬರುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು.