ಮರಳುದಿಬ್ಬ ಕೊನೆಗೂ ಶಾರ್ಪ್ ಬಂತು: ಟೆಲಿ ಲೆನ್ಸ್ ಜೊತೆ ನನ್ನ ಅನುಭವ

"ಆ ಲೆನ್ಸಿನಾಗ ಮರಳುದಿಬ್ಬ ಶಾರ್ಪ್ ಬರಂಗಿಲ್ಲ, ಮಾರಿಬಿಡ್ರಿ" ಅಂತ ಹುಬ್ಬಳ್ಳಿಯ ಕ್ಯಾಮೆರಾ ಗೆಳೆಯರು ಬಹಳ ದಿನ ಹೇಳಿದರು. ಅದೇ ಸೆಕೆಂಡ್‌ಹ್ಯಾಂಡ್ 150-600 ಎಂ.ಎಂ. ಝೂಮ್ ಲೆನ್ಸಿನಲ್ಲಿ, ಅಂದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಲ್ಲಿ, ತೆಗೆದ ಚಿತ್ರ ಈಗ 30 ಇಂಚಿನ ಪ್ರಿಂಟ್ ಆಗಿದೆ. ಮರಳಿನ ಮೇಲೆ ಗಾಳಿ ಎಳೆದ ಗೆರೆಗಳನ್ನು ಎಣಿಸಬಹುದು. ತಕರಾರು ಇದ್ದದ್ದು ಲೆನ್ಸಿನಲ್ಲಲ್ಲ, ನಡುವಿನ ಗಾಳಿಯಲ್ಲಿ.

ಮೊದಲು ಎಲ್ಲರ ಹಾಗೆ ರಾಜಸ್ಥಾನದ ಸಮ್ ಮರಳುದಿಬ್ಬಗಳಿಗೆ ಹೋಗುತ್ತಿದ್ದೆ. ಜೈಸಲ್ಮೇರ್‌ನಿಂದ ನಲವತ್ತು ಚಿಲ್ಲರೆ ಕಿ.ಮೀ. ಸಂಜೆ ಬೆಳಕೇನೋ ಚೆಂದ. ಆದರೆ ಹಗಲೆಲ್ಲ ಕಾದ ಮರಳು ಬಿಸಿ ಉಗುಳುತ್ತಲೇ ಇರುತ್ತದೆ. ಪೂರ್ತಿ ಝೂಮ್ ಮಾಡಿ 600ರಲ್ಲಿ ನೋಡಿದರೆ ದೂರದ ದಿಬ್ಬದ ಅಂಚು ಕುದಿಯುವ ಎಸರಿನ ಹಾಗೆ ಕುಣಿಯುತ್ತದೆ. ಶಟರ್ ವೇಗ 1/2000 ಸೆಕೆಂಡ್ ಇಟ್ಟರೂ ಅಷ್ಟೇ. ರೈಲು, ಜೀಪು, ಟೆಂಟು ಅಂತ ಪ್ರತಿ ಸಲ ಇಪ್ಪತ್ತು ಸಾವಿರದ ಹತ್ತಿರ ಖರ್ಚು. ಝೂಮ್ ಒಳಗೆ ಮರಳು ಹೊಕ್ಕು ಸರ್ವಿಸ್‌ಗೆ ಇನ್ನೊಂದು ಏಳು ಸಾವಿರ. ವಾಪಸ್ ಬಂದ ಮೇಲೂ ರಿಂಗ್ ಕರಕರ ಅನ್ನುತ್ತಿತ್ತು, ಮತ್ತೆ ಕಳಿಸಬೇಕಾಯಿತು.

ದಾರಿ ಸಿಕ್ಕಿದ್ದು ನಮ್ಮ ಕಡೆಯೇ. ಫೆಬ್ರುವರಿಯಲ್ಲಿ ನವಲಗುಂದದ ಎರೆಹೊಲದ ಬದುವಿನ ಮೇಲೆ ಕೂತೆ. ಬೆಳಗ್ಗೆ ಏಳೂವರೆಗೆ ದೂರದ ಜಾಲಿಯ ಮುಳ್ಳೂ ಕಂಡಿತು. ಹನ್ನೊಂದಕ್ಕೆ ಗಿಡವೇ ಕದಡಿಹೋಯಿತು. ಆಮೇಲೆ ಕಪ್ಪತಗುಡ್ಡದ ಕಡೆ ಗುಡ್ಡದಿಂದ ಗುಡ್ಡಕ್ಕೆ ಗಾಳಿ ಫ್ಯಾನುಗಳನ್ನು ತೆಗೆದೆ. ಹತ್ತು ಗಂಟೆಗೂ ಪರವಾಗಿಲ್ಲ! ನೋಟ ಕಾದ ನೆಲವನ್ನು ಸವರಿಕೊಂಡು ಹೋಗದೆ ಮೇಲಿಂದ ಹಾಯುತ್ತದಲ್ವಾ, ಅದಕ್ಕೆ. ಇದೇ ಲೆಕ್ಕ ಹಿಡಿದು ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನೂ ತೆಗೆದೆ. ಕತ್ತಿನ ಗರಿ ಗೆರೆಗೆರೆಯಾಗಿ ಬಂತು. ಅದು ಬೇರೆ ಕಥೆ.

ಮುಂದಿನ ಜನವರಿಯಲ್ಲಿ ಸಮ್ ಬಿಟ್ಟು, ಜೈಸಲ್ಮೇರ್ ಕಡೆಯದೇ ಇನ್ನೊಂದು ಮರಳುದಿಬ್ಬದ ಊರಾದ ಖುರಿಗೆ ಹೋದೆ. ಅಲ್ಲಿ ಸೂರ್ಯ ಬರುವುದೇ ಏಳೂವರೆ ಸುಮಾರಿಗೆ. ಅರ್ಧ ಗಂಟೆ ಮೊದಲೇ ಕ್ಯಾಮೆರಾ ಹೊರಗಿಟ್ಟೆ. ರೂಮಿನ ಬೆಚ್ಚನೆ ಗಾಳಿ ಲೆನ್ಸ್ ಒಳಗೆ ಉಳಿದರೂ ಚಿತ್ರ ಮಂಕಾಗುತ್ತದೆ. ಎತ್ತರದ ದಿಬ್ಬದ ನೆತ್ತಿಯಲ್ಲಿ ನಿಂತು ತಗ್ಗಿನಾಚೆಯ ದಿಬ್ಬಕ್ಕೆ ಗುರಿ. ದೂರ ಮುನ್ನೂರು ಮೀಟರ್ ಒಳಗೇ, ಅದಕ್ಕಿಂತ ಆಚೆಯದರ ಆಸೆ ಬಿಟ್ಟೆ. ಝೂಮ್ 400ರ ಆಸುಪಾಸು, ಲೆನ್ಸಿನ ಕಿಂಡಿ ಎಫ್/8, ಶಟರ್ 1/800, ಬೆಳಕಿನ ಸೂಕ್ಷ್ಮತೆ ಐಎಸ್‌ಒ 400. ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಹಿಗ್ಗಿಸಿ ಕೈಯಿಂದಲೇ ಫೋಕಸ್. ಲೆನ್ಸ್ ಮುಂದಿನ ಯುವಿ ಫಿಲ್ಟರ್ ಗಾಜು ತೆಗೆದಿಟ್ಟೆ. ಝೂಮ್ ರಿಂಗ್‌ಗೆ ಟೇಪ್ ಸುತ್ತಿದೆ, ಎಳೆದು ತಳ್ಳುವಾಗಲೇ ಮರಳು ಒಳಗೆ ಹೋಗುವುದು.

ಟ್ರೈಪಾಡ್ ಕಾಲು ಮರಳಲ್ಲಿ ಇಳಿಯುತ್ತಲೇ ಇರುತ್ತದೆ. ಅದಕ್ಕೆ ಅಂಗೈ ಅಗಲದ ಮೂರು ಪ್ಲೈವುಡ್ ಬಿಲ್ಲೆ. ಹಳೇ ಜೀನ್ಸ್ ಬಟ್ಟೆಯ ಚೀಲ ಹೊಲಿಸಿದ್ದೆ, ಟೇಲರ್ 150 ರೂಪಾಯಿ ತಗೊಂಡ. ಅಲ್ಲಿನ ಮರಳನ್ನೇ ತುಂಬಿ ನಡುಗಂಬಕ್ಕೆ ನೇತುಹಾಕಿದೆ. ತಳ ನೆಲಕ್ಕೆ ಒಂಚೂರು ತಾಗಬೇಕು, ಇಲ್ಲದಿದ್ದರೆ ಗಾಳಿಗೆ ಚೀಲ ಓಲಾಡಿ ಇನ್ನೂ ಕೆಡುತ್ತದೆ.

ಸೂರ್ಯ ಬಂದ ಮೇಲೆ ಒಂದು ಗಂಟೆ ನಮ್ಮದು. ಬಿಡದೆ ಬರ್ಸ್ಟ್, ಅಂದರೆ ಒಂದರ ಹಿಂದೊಂದು ಸಾಲು ಫ್ರೇಮು, ಹೊಡೆಯಬೇಕು. ಗಾಳಿ ಅರೆಕ್ಷಣ ತಣ್ಣಗಾದಾಗ ಸಿಕ್ಕ ಫ್ರೇಮೇ ಫ್ರೇಮು. ನೂರಕ್ಕೆ ಐದಾರು ಬಂದರೆ ದೊಡ್ಡದು. ನನಗೆ ಹತ್ತರ ಹತ್ತಿರ ಬಂದವು. ಮಾರಿಬಿಡಿ ಅಂದವರೇ ಪ್ರಿಂಟ್ ಮುಂದೆ ನಿಂತು "ಯಾವ ಪ್ರೈಮ್ ಲೆನ್ಸ್ ರೀ ಇದು?" ಅಂತ, ಝೂಮ್ ಇಲ್ಲದ ಲೆನ್ಸ್ ಅಂದುಕೊಂಡು, ಕೇಳಿದರು.

ಲೆನ್ಸ್ ಬಾಯಿಗೆ ನೆರಳು ಕೊಡುವ ಹುಡ್ ಜಾಗದಲ್ಲಿ ನಾನು ಏನು ಕಟ್ಟುತ್ತೇನೆ, ಖುರಿಯಲ್ಲಿ ಯಾವ ದಿಬ್ಬ, ಅದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ. ಬಿಲ್ಲೆಯ ಅಳತೆ ಬೇಕಾದರೆ ಕೇಳಿ, ಕೊಡುತ್ತೇನೆ.