ಫಾರಿನ್ ಮಾಸ್ಟರ್ಸ್‌ಗೆ ರೋಟರಿ ಸ್ಕಾಲರ್‌ಶಿಪ್: ಅರ್ಜಿ ಹಾಕೋದು ಹೇಗೆ

ಕೋಲಾರದ ಕಡೆ ಹುಡುಗ್ರಿಗೆ ಮಾರ್ಕ್ಸ್ ಇರುತ್ತೆ, ಫಾರಿನ್ ಯೂನಿವರ್ಸಿಟಿ ಅಡ್ಮಿಷನ್ನೂ ಸಿಗುತ್ತೆ, ಸ್ಕಾಲರ್‌ಶಿಪ್ ಅರ್ಜಿಯ ಪ್ರಬಂಧದಲ್ಲಿ ಹೋಗಿ ಮುಗ್ಗರಿಸ್ತಾರೆ. ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದೀನಿ. ರೋಟರಿ ಕ್ಲಬ್‌ಗಳ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಶನ್ 1917ರಲ್ಲಿ ಶುರುವಾಯ್ತು, ಮೊದಲ ದೇಣಿಗೆ ಬರೀ 26 ಡಾಲರ್ 50 ಸೆಂಟ್. ಈಗ ಈ ಸ್ಕಾಲರ್‌ಶಿಪ್ ಬರೋ ಅದರ ಗ್ಲೋಬಲ್ ಗ್ರ್ಯಾಂಟ್ ಅಂದ್ರೆ ಬಜೆಟ್ಟೇ ಕನಿಷ್ಠ 30,000 ಡಾಲರ್ ಇರ್ಬೇಕು.

ಮೊದಲು ಅರ್ಹತೆ ನೋಡ್ಕೊಳ್ಳಿ. ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಓದಿಗೆ ಮಾತ್ರ, ಡಿಗ್ರಿಗೆ ಇಲ್ಲ. ಅಪ್ಪನೋ ತಾತನೋ ರೋಟರಿ ಮೆಂಬರ್ ಆಗಿದ್ರೆ ನಿಮಗೆ ಸಿಗಲ್ಲ, ಆಸೆ ಬಿಡಿ.

ಆಮೇಲೆ ನಿಮ್ಮೂರಿನ ರೋಟರಿ ಕ್ಲಬ್‌ಗೆ ಹೋಗಿ ಮಾತಾಡಿ. ನೀವೇ ನೇರವಾಗಿ ಫೌಂಡೇಶನ್‌ಗೆ ಅರ್ಜಿ ಹಾಕೋಕಾಗಲ್ಲ, ಇಲ್ಲಿನವರೂ ನೀವು ಓದೋಕೆ ಹೋಗೋ ದೇಶದ ರೋಟರಿಯವರೂ ಸೇರಿ ಕಳಿಸ್ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಹಾಗಾಗಿ ಒಂದು ವರ್ಷ ಮುಂಚೇನೇ ಹೋಗಿ. ಸ್ಕಾಲರ್‌ಶಿಪ್ ಕೊಡಿಸ್ತೀನಿ ಅಂತ ದುಡ್ಡು ಕೇಳೋ ಕನ್ಸಲ್ಟೆನ್ಸಿಯವರ ಹತ್ರ ಸುಳೀಬೇಡಿ.

ಅಡ್ಮಿಷನ್ ಲೆಟರ್, ಟ್ರಾನ್ಸ್‌ಕ್ರಿಪ್ಟ್, ಪಾಸ್‌ಪೋರ್ಟ್ ರೆಡಿ ಇಟ್ಕೊಳ್ಳಿ. ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದ್ರೆ ಈಗ್ಲೇ ಸರಿಮಾಡಿಸಿ.

ಈಗ ಪ್ರಬಂಧ. ನಿಮ್ಮ ಓದು ರೋಟರಿಯ ಏಳು ಕ್ಷೇತ್ರಗಳಲ್ಲಿ ಒಂದಕ್ಕೆ ಕೂಡ್ಬೇಕು: ಶಾಂತಿ, ರೋಗ ತಡೆ, ನೀರು ಮತ್ತು ನೈರ್ಮಲ್ಯ, ತಾಯಿ ಮಗುವಿನ ಆರೋಗ್ಯ, ಮೂಲ ಶಿಕ್ಷಣ, ಸಮುದಾಯದ ಆರ್ಥಿಕ ಅಭಿವೃದ್ಧಿ, ಪರಿಸರ. ನಮ್ಮ ಹುಡುಗ್ರು ಏನ್ಮಾಡ್ತಾರೆ? 'ಚಿಕ್ಕಂದಿನಿಂದಲೂ ಸಮಾಜಸೇವೆ ನನ್ನ ಕನಸು' ಅಂತ ಶುರು ಮಾಡಿ ಎರಡು ಪುಟ ವಿಶ್ವಪ್ರಜೆ, ವಿಶ್ವಮಾನವ ಅಂತ ತುಂಬಿಸ್ತಾರೆ. ಸೈಬರ್ ಸೆಂಟರ್‌ನವನು ಪೆನ್‌ಡ್ರೈವಲ್ಲಿ ಇಟ್ಕೊಂಡಿರೋ ಫಾರ್ಮ್ಯಾಟೂ ಅದೇ, ಚಾಟ್‌ಜಿಪಿಟಿ ಕೊಡೋದೂ ಹೆಚ್ಚುಕಮ್ಮಿ ಅದೇ. ಓದೋರಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತೆ.

ನೀವು ನೀರಿನ ವಿಷಯ ಓದೋಕೆ ಹೋಗ್ತಿದೀರಾ ಅನ್ಕೊಳ್ಳಿ. ನಿಮ್ಮೂರಿನ ಶುದ್ಧ ನೀರಿನ ಘಟಕದ ಹತ್ರ ಹೋಗಿ ನಿಂತ್ಕೊಂಡು ನೋಡಿ. ಕಾಯಿನ್ ಹಾಕ್ತಾರೆ, 20 ಲೀಟರ್ ಕ್ಯಾನ್ ತುಂಬುತ್ತೆ, ಹಿಂದ್ಗಡೆ ಪೈಪಲ್ಲಿ ಮಷೀನ್ ಬೇಡ ಅಂದ ನೀರು, ಹಲ್ಲು ಮೂಳೆ ಹಾಳುಮಾಡೋ ಫ್ಲೋರೈಡ್ ಸಮೇತ ಚರಂಡಿಗೆ ಹೋಗ್ತಿರುತ್ತೆ. ಅದು ಎಲ್ಲಿಗೆ ಹೋಗುತ್ತೆ, ಮತ್ತೆ ಭೂಮಿಗೆ ಇಂಗಿದ್ರೆ ಏನಾಗುತ್ತೆ? ಈ ಪ್ರಶ್ನೆಯಿಂದ ಶುರು ಮಾಡಿ. ಇಲ್ಲಾಂದ್ರೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರನ್ನ ಕೋಲಾರದ ಕೆರೆಗಳಿಗೆ ತುಂಬಿಸೋ ಯೋಜನೆ ಇದೆ: 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಎರಡು ಹಂತದ ಶುದ್ಧೀಕರಣ ಸಾಕಾಗಲ್ಲ, ಮೂರನೇದೂ ಬೇಕು ಅನ್ನೋ ಜಗಳ ಕೋರ್ಟ್ ತನಕ ಹೋಯ್ತು. ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಖುಷಿಪಡೋ ರೈತನ ಮಾತೂ ಹಾಕಿ, ಭಯಪಡೋ ರೈತನ ಮಾತೂ ಹಾಕಿ.

ಆಮೇಲೆ ಅದನ್ನ ಹೊರಗಿನ ಜಗತ್ತಿಗೆ ಜೋಡಿಸಿ. ಫ್ಲೋರೈಡ್ ಕಾಟ ನಮಗೊಬ್ರಿಗೇ ಅಲ್ಲ, ಇಥಿಯೋಪಿಯಾ, ಕೀನ್ಯಾದ ರಿಫ್ಟ್ ಕಣಿವೆಯ ಜನಕ್ಕೂ ಇದೆ. ವಿಶ್ವಪ್ರಜೆ ಅನ್ನೋ ಪದ ಬಳಸದೇನೇ ಕೆಲಸ ಆಯ್ತು ನೋಡಿ. ಕೋರ್ಸಿನ ಯಾವ ಪೇಪರ್ ಈ ಪ್ರಶ್ನೆಗೆ ಉಪಯೋಗಕ್ಕೆ ಬರುತ್ತೆ ಅಂತ ಹೆಸರು ಹಿಡಿದು ಬರೀರಿ, ಯೂನಿವರ್ಸಿಟಿಯ ರ‍್ಯಾಂಕಿಂಗ್ ಹೊಗಳಿಕೆ ಒಂದು ಸಾಲೂ ಬೇಡ. ಓದು ಮುಗಿದ ಮೇಲೆ ಏನ್ಮಾಡ್ತೀರಿ ಅನ್ನೋದು ಸಣ್ಣದಾಗಿರ್ಲಿ, ನಂಬೋ ಹಾಗಿರ್ಲಿ. ಮೊದಲು ಕನ್ನಡದಲ್ಲೇ ಬರೆದು ಮನೇಲಿ ಅಮ್ಮನಿಗೆ ಓದಿ ಹೇಳಿ, ಅವರು 'ಹೌದಾ, ಆಮೇಲೆ?' ಅಂತ ಕೇಳಿದ್ರೆ ಇಂಗ್ಲಿಷಿಗೆ ತನ್ನಿ.

ಇಂಟರ್‌ವ್ಯೂ ಕಷ್ಟ ಅಲ್ಲ, ಬರೆದಿದ್ದನ್ನೇ ಕೇಳ್ತಾರೆ.

ಸಿಗ್ಲಿಲ್ಲ ಅಂದ್ರೆ 1892ರಿಂದ ನಡೀತಿರೋ ಜೆ.ಎನ್. ಟಾಟಾ ಎಂಡೋಮೆಂಟ್‌ಗೆ ಹಾಕಿ, ಆದ್ರೆ ಅದು ಲೋನ್ ಸ್ಕಾಲರ್‌ಶಿಪ್, ದುಡ್ಡು ವಾಪಸ್ ಕಟ್ಬೇಕು, ಸೈನ್ ಹಾಕೋ ಮುಂಚೆ ಕಂಡೀಷನ್ ಓದ್ಕೊಳ್ಳಿ.