ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಕೂರುವ ಬಗೆ

ಪ್ರಕೃತಿಯಲ್ಲಿ ದೈವ ಕಾಣಬೇಕೆಂದು ಹೊರಟವರು ಭಾನುವಾರ ನಸುಕಿಗೇ ನಂದಿಬೆಟ್ಟದ ದಾರಿಯಲ್ಲಿ ಕಾರುಗಳ ಸಾಲಿಗೆ ಸಿಕ್ಕಿಬಿದ್ದಿರುತ್ತಾರೆ. ಅಷ್ಟು ದೂರ ಬೇಡ. ಬೆಂಗಳೂರಿನ ಹಳೇ ಬಡಾವಣೆಗಳಲ್ಲೂ ನಗರದೊಳಗೆ ಕರಗಿದ ಹಳ್ಳಿಗಳಲ್ಲೂ ಅರಳಿಕಟ್ಟೆ ಇನ್ನೂ ಇದೆ: ಅರಳಿಯ ಜೊತೆಗೊಂದು ಬೇವು, ಬುಡದಲ್ಲಿ ನಾಗರಕಲ್ಲು. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವಂಥದನ್ನು ಆರಿಸಿಕೊಳ್ಳಿ. ಅದಕ್ಕಿಂತ ದೂರವಾದರೆ ಎರಡನೇ ವಾರಕ್ಕೆ ರೂಢಿ ತಪ್ಪುತ್ತದೆ. ಕಟ್ಟೆ ಇಲ್ಲವೆ? ರಸ್ತೆಬದಿಯ ಹೊಂಗೆಯೂ ಆದೀತು. ಆದರೆ ಮರ ಒಂದೇ ಇರಲಿ, ವರ್ಷವಿಡೀ ಅದೇ ಇರಲಿ.

ಸೂರ್ಯೋದಯದ ಹೊತ್ತಿಗೆ ಹೋಗಿ. ಇಲ್ಲಿ ಅದು ಜನವರಿಯಲ್ಲಿ ಆರೂಮುಕ್ಕಾಲರ ಆಸುಪಾಸು, ಜೂನ್ ಆರಂಭದಲ್ಲಿ ಆರಕ್ಕೂ ಮುಂಚೆ. ಚಪ್ಪಲಿ ಬಿಟ್ಟು, ಫೋನ್ ಆಫ್ ಮಾಡಿ ಮೂರು ಪ್ರದಕ್ಷಿಣೆ ಹಾಕಿ. ಮೊದಲ ಸುತ್ತಿನಲ್ಲಿ ಬೇರುಗಳನ್ನಷ್ಟೇ ನೋಡಿ, ಎರಡನೆಯದರಲ್ಲಿ ಕಾಂಡ ಕವಲೊಡೆಯುವವರೆಗೆ, ಮೂರನೆಯದರಲ್ಲಿ ಬರೀ ಕಿವಿ. ಒಂದು ಸುತ್ತಿಗೆ ಒಂದು ನಿಮಿಷವಾದರೂ ಹಿಡಿಯಬೇಕು. ಇಲ್ಲದಿದ್ದರೆ ಅದು ವಾಕಿಂಗ್ ಆಯಿತು.

ಆಮೇಲೆ ಇಪ್ಪತ್ತು ನಿಮಿಷ ಕೂರಿ. ಕಾಂಡಕ್ಕೆ ಒರಗಬೇಡಿ, ಇರುವೆಯ ಕಾಟ ಒಂದು ಕಡೆ, ಮರವೇ ಕಾಣುವುದಿಲ್ಲ ಎಂಬುದು ಇನ್ನೊಂದು ಕಡೆ. ಐದಾರು ಅಡಿ ದೂರದಲ್ಲಿ ಎದುರುಮುಖವಾಗಿ ಕೂತು ಮೊದಲ ಹತ್ತು ನಿಮಿಷ ಒಂದೇ ರೆಂಬೆ ನೋಡಿ. ಅರಳಿ ಎಲೆಯ ತೊಟ್ಟು ಉದ್ದ, ತೆಳು. ನಮ್ಮ ಮೈಗೆ ಗಾಳಿಯೇ ತಾಗದಾಗಲೂ ಎಲೆ ಅಲ್ಲಾಡುತ್ತಿರುತ್ತದೆ. ಉಳಿದ ಹತ್ತು ನಿಮಿಷ ಕಣ್ಣು ಮುಚ್ಚಿ, ಹತ್ತಿರದ ಸದ್ದಿನಿಂದ ದೂರದ ಸದ್ದಿಗೆ ಹೋಗಿ: ಎಲೆ, ಕುಟ್ರು ಹಕ್ಕಿ, ಹಾಲಿನವನ ಗಾಡಿ, ಕೊನೆಗೆ ಮುಖ್ಯರಸ್ತೆ. ಟ್ರಾಫಿಕ್ ಕೇಳಿಸಬಾರದೆಂದು ಹಟ ಹಿಡಿದರೆ ಅದೊಂದೇ ಕೇಳಿಸುತ್ತದೆ.

ಏಳುವ ಮುನ್ನ ಒಂದು ಪುಸ್ತಕದಲ್ಲಿ ಮೂರು ಸಾಲು ಬರೆದುಕೊಳ್ಳಿ: ಕಂಡದ್ದು, ನಿನ್ನೆಗಿಂತ ಬೇರೆಯಾದದ್ದು, ಎದ್ದ ಪ್ರಶ್ನೆ. ‘ಮನಸ್ಸಿಗೆ ಶಾಂತಿ ಸಿಕ್ಕಿತು’ ಎಂದು ಬರೆಯಬೇಡಿ. ಒಂದು ತಿಂಗಳು ಅದನ್ನೇ ಬರೆದರೆ ಓದಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಅರ್ಥ ಹುಟ್ಟುವುದು ಈ ಪುಸ್ತಕವನ್ನು ತಿರುವಿದಾಗ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರುತ್ತದೆ, ಬೆನ್ನಿಗೇ ತಾಮ್ರಗೆಂಪು ಚಿಗುರು. ಯುಗಾದಿಯ ಸುಮಾರಿಗೆ ಪಕ್ಕದ ಬೇವು ಹೂ ಬಿಡುತ್ತದೆ. ಅರಳಿಯ ಹೂ ಮಾತ್ರ ಕಾಣುವುದೇ ಇಲ್ಲ. ಅದು ಕಾಯಿಯೊಳಗೇ ಅರಳುತ್ತದೆ, ಕಣ್ಣಿಗೆ ಬೀಳುವುದೂ ಕಷ್ಟವಾದ ಒಂದು ಕಣಜ ಒಳಹೊಕ್ಕು ಪರಾಗಸ್ಪರ್ಶ ಮಾಡುತ್ತದೆ. ಇಷ್ಟನ್ನೇ ಒಂದು ವಾರ ಮನಸ್ಸಿನಲ್ಲಿಟ್ಟುಕೊಂಡು ಕೂರಬಹುದು. ಬೇಸಿಗೆಯಲ್ಲಿ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಹಕ್ಕಿ ಹಿಕ್ಕೆಯಿಂದ ಬಿದ್ದ ಅರಳಿ ಬೀಜ ಯಾರದೋ ಮನೆಗೋಡೆ ಸೀಳುತ್ತದೆ. ಪ್ರಕೃತಿಯಲ್ಲಿ ಬರೀ ಕರುಣೆಯನ್ನೇ ಹುಡುಕಿಕೊಂಡು ಬಂದವರು ಬಿಟ್ಟುಹೋಗುವುದು ಇಲ್ಲಿಯೇ. ಇದನ್ನೂ ಬರೆದುಕೊಳ್ಳಿ, ಸಮಾಧಾನ ಹೇಳಿಕೊಳ್ಳುವ ಅವಸರ ಬೇಡ.

ಹಕ್ಕಿಯ ಹೆಸರು ಹೇಳುವ ಆ್ಯಪ್ ಮನೆಗೆ ಬಂದ ಮೇಲೆ ತೆರೆಯಿರಿ. ಹೆಸರು ಸಿಕ್ಕ ಕೂಡಲೇ ನೋಡುವುದು ನಿಲ್ಲುತ್ತದೆ. ಬುಡದಲ್ಲಿ ಕರ್ಪೂರ ಹಚ್ಚಬೇಡಿ, ತೊಗಟೆ ಸುಡುತ್ತದೆ. ಹಳೇ ದೇವರ ಫೋಟೊಗಳನ್ನು ಮರದಡಿ ಬಿಟ್ಟುಬರುವ ಅಭ್ಯಾಸಕ್ಕಂತೂ ಯಾವ ಸಮರ್ಥನೆಯೂ ಇಲ್ಲ, ಗಾಜು ಒಡೆದು ಬರಿಗಾಲಿಗೆ ಚುಚ್ಚುತ್ತದೆ. ಏನಾದರೂ ಅರ್ಪಿಸಲೇಬೇಕೆಂದರೆ ಒಂದು ಚೊಂಬು ನೀರು ಸಾಕು. ಸಿಮೆಂಟು ಬಳಿದ ಕಟ್ಟೆಯ ಮೇಲೆ ಹೊಯ್ದರೆ ಹರಿದುಹೋಗುತ್ತದೆ, ಹೊರಗಿನ ತೆರೆದ ಮಣ್ಣಿಗೆ ಹಾಕಿ.

ಮೇಲೆ ಹೆಜ್ಜೇನು ಕಟ್ಟಿದೆಯೇ ಎಂದು ದಿನವೂ ನೋಡಿ. ಹೊಗೆ ತಾಗಿದರೆ ಅದು ಏಳುತ್ತದೆ. ಎದ್ದರೆ ಕೈಬೀಸದೆ, ಮುಖ ಮುಚ್ಚಿಕೊಂಡು ಹತ್ತಿರದ ಕಟ್ಟಡದೊಳಕ್ಕೆ ಓಡಿ. ಏಪ್ರಿಲ್-ಮೇ ತಿಂಗಳ ಗಾಳಿಮಳೆಯ ಹೊತ್ತಿನಲ್ಲಿ ಯಾವ ಮರದಡಿಯೂ ಕೂರಬಾರದು. ರಾತ್ರಿ ಬಿರುಮಳೆ ಸುರಿದಿದ್ದರೆ ಮರುಬೆಳಗ್ಗೆ ಮುರಿದು ನೇತಾಡುವ ರೆಂಬೆಗಳಿವೆಯೇ ಎಂದು ದೂರದಿಂದಲೇ ನೋಡಿ. ಇದ್ದರೆ, ಅವತ್ತಿನ ಮಟ್ಟಿಗೆ ಲಾಲ್‌ಬಾಗಿನ ಬಂಡೆಗೆ ಹೋಗಬಹುದು. ಕೆಂಪೇಗೌಡ ಗೋಪುರ ನಿಂತಿರುವ, ನೈಸ್ (gneiss) ಎಂಬ ಜಾತಿಯ ಆ ಶಿಲೆಗೆ ಸುಮಾರು 300 ಕೋಟಿ ವರ್ಷ. ಗುಡುಗು ಇರುವಾಗ ಅಲ್ಲಿಯೂ ಹತ್ತಬೇಡಿ.